ಪೆಟ್ರೋಲಿನ ಲೆಕ್ಕ

ಗಲ್ಫ್‌ನಲ್ಲಿ ಪೆಟ್ರೋಲು ನೀರಿಗಿಂತ ಅಗ್ಗ ಎಂಬ ಮಾತನ್ನು ನಮ್ಮಲ್ಲಿ ಕೇಳದವರು ಯಾರು? 2013ರಲ್ಲಿ ದಮ್ಮಾಮ್‌ನ ತಮ್ಮನ ಮನೆಗೆ ಹೋಗಿ, ಅಲ್ಲಿಂದ ಅವನ ಕಾರಿನಲ್ಲೇ ಉಮ್ರಾ ಮಾಡಿ ಬಂದಿದ್ದೆವು. ಆಗ 91ರ ಪೆಟ್ರೋಲು ಲೀಟರಿಗೆ ಅರ್ಧ ರಿಯಾಲ್ ಕೂಡ ಇರಲಿಲ್ಲ, ಬರೇ 0.45. ಹಾಗಾಗಿ 2023ರಲ್ಲಿ ಮತ್ತೆ ಹೊರಟಾಗ ನಾನು ಹಳೆಯ ಅಂದಾಜಿನಲ್ಲೇ ಪೆಟ್ರೋಲಿಗೆಂದು 150 ರಿಯಾಲ್ ತೆಗೆದಿಟ್ಟೆ. ಮದ್ರಸಾದ ಮಕ್ಕಳಿಗೆ ಝಕಾತ್‌ನ ಲೆಕ್ಕ ಕಲಿಸುವವಳು ನಾನು, ಆದರೆ ಈಗಿನ ಬೆಲೆ ಎಷ್ಟೆಂದು ಒಂದು ಮಾತು ಕೇಳಿರಲಿಲ್ಲ.

ರಿಯಾದ್ ದಾಟುವ ಮುನ್ನ ಟ್ಯಾಂಕ್ ತುಂಬಿಸಿದರು. 45 ಲೀಟರಿಗೆ 98 ರಿಯಾಲ್! ನಾನು ಪರ್ಸ್ ತೆರೆಯುವಷ್ಟರಲ್ಲಿ ತಮ್ಮ, "ಅಕ್ಕಾ, ನೀನು ನನ್ನ ಮನೆಗೆ ಬಂದವಳು, ಸುಮ್ಮನಿರು" ಎಂದ. ನಾನು ಸುಮ್ಮನಾದೆ. ನಿಜ ಹೇಳಬೇಕೆಂದರೆ, ಸ್ವಲ್ಪ ಸಮಾಧಾನವೂ ಆಯಿತು.

ಮುಂದೆ ನಮಾಝ್‌ಗೆಂದು ನಿಲ್ಲಿಸಿದಾಗ ತಮ್ಮನ ಹೆಂಡತಿಯೊಡನೆ ವುಝೂ ಮಾಡುತ್ತಾ, ರಜೆಗೆ ಊರಿಗೆ ಯಾವಾಗ ಬರುತ್ತೀರಿ ಎಂದು ಕೇಳಿದೆ. "ಈ ವರ್ಷ ಇಲ್ಲ ಅಕ್ಕಾ" ಎಂದಳು. ಮತ್ತೆ ಮತ್ತೆ ಕೇಳಿದ ಮೇಲೆ ಬಾಯಿ ಬಿಟ್ಟಳು. 2016ರಲ್ಲಿ 0.75, 2018ರಲ್ಲಿ 1.37, 2021ರ ಜುಲೈಯಿಂದ 2.18, ಪೆಟ್ರೋಲು ಏರಿದ್ದು ಹೀಗೆ. ವ್ಯಾಟ್ ಶೇಕಡಾ 15. ಜೊತೆಯಲ್ಲಿಟ್ಟುಕೊಂಡ ಹೆಂಡತಿ ಮಕ್ಕಳಿಗೆಂದು ತಲಾ ತಿಂಗಳಿಗೆ 400 ರಿಯಾಲ್ ಸರಕಾರಕ್ಕೆ ಕಟ್ಟಬೇಕು. ಸಂಬಳ ಮಾತ್ರ ನಿಂತಲ್ಲೇ ನಿಂತಿದೆ. ಟಿಕೆಟ್‌ಗೆಂದು ಕೂಡಿಟ್ಟ ಹಣ ನಮ್ಮ ಪ್ರಯಾಣಕ್ಕೆ ಕರಗುತ್ತಿತ್ತು.

ಕಾರಿನಲ್ಲಿ ಕುಳಿತು ಹೊಸದಾಗಿ ಲೆಕ್ಕ ಹಾಕಿದೆ. ದಮ್ಮಾಮ್‌ನಿಂದ ರಿಯಾದ್‌ಗೆ ಸುಮಾರು 400 ಕಿ.ಮೀ., ಅಲ್ಲಿಂದ ತಾಯಿಫ್ ಮಾರ್ಗವಾಗಿ ಮಕ್ಕಾಕ್ಕೆ 870, ಮಕ್ಕಾದಿಂದ ಮದೀನಾಕ್ಕೆ 450, ಮತ್ತೆ ರಿಯಾದ್‌ಗೆ 850, ಮನೆಗೆ 400. ಹೆಚ್ಚುಕಡಿಮೆ 3,000 ಕಿ.ಮೀ. ಲೀಟರಿಗೆ 12 ಕಿ.ಮೀ. ಎಂದರೂ 250 ಲೀಟರ್, ಅಂದರೆ 545 ರಿಯಾಲ್. ಏಸಿ ಇಡೀ ದಿನ ಓಡುತ್ತದೆ, ಊರೊಳಗೆ ಸುತ್ತಾಟವೂ ಇರುತ್ತದೆ. 600 ಎಂದಿಟ್ಟುಕೊಂಡರೆ ಕ್ಷೇಮ. 150 ಎಲ್ಲಿ, 600 ಎಲ್ಲಿ!

"ಸ್ವಲ್ಪ ನಿಧಾನ ಓಡಿಸು" ಎಂದೆ ತಮ್ಮನಿಗೆ. ಆ ರಸ್ತೆಯಲ್ಲಿ 140ರ ವೇಗಕ್ಕೂ ಅನುಮತಿಯಿದೆ, ಆದರೆ ವೇಗ ಹೆಚ್ಚಿದಷ್ಟೂ ಎಣ್ಣೆ ಕುಡಿಯುತ್ತದೆ. 110ಕ್ಕೆ ಇಳಿಸಿದ. ಹೆದರಿದೆನೆಂದುಕೊಂಡು ನಮ್ಮವರು ನಕ್ಕರು. ನಗಲಿ ಎಂದು ಬಿಟ್ಟೆ.

ತಾಯಿಫ್ ಬಳಿಯ ಮೀಕಾತ್‌ನಲ್ಲಿ ಗಂಡಸರು ಇಹ್ರಾಮ್ ಧರಿಸಲು ಹೋದರು. ಬಂದ ಮೇಲೆ ಎಲ್ಲರೆದುರಿಗೇ ಹೇಳಿದೆ: "ನನ್ನ ಉಮ್ರಾದ ಖರ್ಚು ನನ್ನದು. ನಿನ್ನ ಮಕ್ಕಳು ಅಜ್ಜಿಯನ್ನು ನೋಡುವ ಹಣದಲ್ಲಿ ನಾನು ಉಮ್ರಾ ಮಾಡುವುದಿಲ್ಲ." ತಮ್ಮ ಹೆಂಡತಿಯತ್ತ ತಿರುಗಿ ನೋಡಿದ. ಅವಳು ತಲೆ ತಗ್ಗಿಸಿದಳು. ಆ ಕ್ಷಣ, ಎಲ್ಲರೆದುರು ಹೇಳಬಾರದಿತ್ತು ಎನಿಸಿತು. ಮಕ್ಕಾ ತಲುಪುವವರೆಗೆ ಅವನು ನನ್ನೊಡನೆ ಸರಿಯಾಗಿ ಮಾತಾಡಲಿಲ್ಲ.

ದಮ್ಮಾಮ್‌ಗೆ ಮರಳಿ ಚೀಟಿಗಳನ್ನೆಲ್ಲ ಕೂಡಿಸಿದಾಗ 570 ರಿಯಾಲ್ ಆಗಿತ್ತು. ತಮ್ಮ ಅರ್ಧವನ್ನು ಮಾತ್ರ ತೆಗೆದುಕೊಂಡ. ಉಳಿದರ್ಧವನ್ನು ಹೊರಡುವ ದಿನ ಅವನ ಹೆಂಡತಿಯ ಅಕ್ಕಿಹಿಟ್ಟಿನ ಡಬ್ಬಿಯೊಳಗೆ ಇಟ್ಟು ಬಂದೆ. ವಿಮಾನ ಇಳಿದು ಮನೆ ಸೇರುವಷ್ಟರಲ್ಲಿ ಅವಳ ಫೋನ್ ಬಂತು: "ಅಕ್ಕಾ, ಇಂದು ರೊಟ್ಟಿ ಮಾಡಲು ಡಬ್ಬಿ ತೆರೆದೆ. ಅವರಿಗಿನ್ನೂ ಹೇಳಿಲ್ಲ."