ರೇಷ್ಮೆಯ ಸೀಮೆಯಲ್ಲಿ ಕಬಡ್ಡಿಯ ಕಾಲ

ಬೆಂಗಳೂರಿನಿಂದ ಮೈಸೂರಿಗೆ ಹೊರಟ ಪ್ರಯಾಣಿಕನಿಗೆ ಇಂದು ರಾಮನಗರ ಸಿಕ್ಕುವುದೇ ಇಲ್ಲ. 2023ರ ಮಾರ್ಚ್ ತಿಂಗಳಲ್ಲಿ ಉದ್ಘಾಟನೆಯಾದ ಹೊಸ ಹೆದ್ದಾರಿಯು ಬಿಡದಿ, ರಾಮನಗರ, ಚನ್ನಪಟ್ಟಣಗಳನ್ನು ಬಳಸಿಕೊಂಡು ಹೊರಗಿನಿಂದಲೇ ಹಾದುಹೋಗುತ್ತದೆ. ಬಿಡದಿಯ ತಟ್ಟೆ ಇಡ್ಲಿಯ ಆವಿಯಾಗಲಿ, ಚನ್ನಪಟ್ಟಣದ ಬೊಂಬೆಯಂಗಡಿಗಳ ಅರಗಿನ ಬಣ್ಣವಾಗಲಿ ಆ ದಾರಿಯವರಿಗೆ ದಕ್ಕದು. ಬಂಡೆಗಳು ಮಾತ್ರ ಕಾಣುತ್ತವೆ. ಸುಮಾರು 250 ಕೋಟಿ ವರ್ಷಗಳಷ್ಟು ಹಳೆಯದಾದ ಆ ಕಣಶಿಲೆಗೆ ಭೂವಿಜ್ಞಾನಿಗಳು ರಾಮನಗರದ ಹಿಂದಿನ ಹೆಸರಾದ ಕ್ಲೋಸ್‌ಪೇಟೆಯ ಹೆಸರನ್ನೇ ಇಟ್ಟಿದ್ದಾರೆ. ಸಿನಿಮಾ ಪ್ರಿಯರಾದರೋ 1975ರಲ್ಲಿ ತೆರೆಕಂಡ ‘ಶೋಲೆ’ಯ ಗಬ್ಬರ್ ಸಿಂಗನ ಬೀಡೆಂದೇ ಅದನ್ನು ಬಲ್ಲರು.

ಹೆದ್ದಾರಿಯಿಂದ ಇಳಿದು, ಸಂಜೆ ನಾಲ್ಕೂವರೆಯ ಹೊತ್ತಿಗೆ ಊರೊಳಗಿನ ಯಾವುದಾದರೊಂದು ಕಾಲೇಜಿನ ಮೈದಾನಕ್ಕೆ ಹೋಗಿ ನಿಂತವರಿಗೆ ಈ ಸೀಮೆಯ ಮತ್ತೊಂದು ಮುಖ ಕಾಣಸಿಗುತ್ತದೆ. ಮೈದಾನದ ಒಂದು ಮೂಲೆಗೆ ನೀರು ಚಿಮುಕಿಸಿ, ಕಲ್ಲು ಆಯ್ದು, ಸುಣ್ಣದ ಪುಡಿಯಲ್ಲಿ ಗೆರೆ ಎಳೆಯುವ ತರುಣರು. 13 ಮೀಟರ್ ಉದ್ದ, 10 ಮೀಟರ್ ಅಗಲದ ಅಂಕಣ. ಗೆರೆಯ ಆಚೆ ಏಳು ಜನ, ಈಚೆ ಏಳು ಜನ. ಒಬ್ಬನು ಉಸಿರು ಬಿಗಿಹಿಡಿದು ಎದುರಾಳಿಗಳ ನೆಲಕ್ಕೆ ನುಗ್ಗುತ್ತಾನೆ. ಅವನಿಗಿರುವುದು 30 ಸೆಕೆಂಡು ಮಾತ್ರ. ಅಷ್ಟರೊಳಗೆ ಮುಟ್ಟಿ ಮರಳಬೇಕು, ಇಲ್ಲವೇ ಏಳು ಜನರ ಕೈಗೆ ಸಿಕ್ಕಿ ಮಣ್ಣು ಮುಕ್ಕಬೇಕು.

ರಾಮನಗರ, ಚನ್ನಪಟ್ಟಣ, ಕನಕಪುರ, ಮಾಗಡಿ—ಈ ನಾಲ್ಕು ತಾಲ್ಲೂಕುಗಳು 2007ರಲ್ಲಿ ಒಂದು ಜಿಲ್ಲೆಯಾದವು. 2025ರಲ್ಲಿ ಆ ಜಿಲ್ಲೆಗೆ ಬೆಂಗಳೂರು ದಕ್ಷಿಣವೆಂಬ ಹೆಸರು ಬಂತು. ಹೆಸರು ಏನೇ ಇರಲಿ, ನಾಲ್ಕೂ ಊರುಗಳಲ್ಲಿ ಸರ್ಕಾರಿ ಪ್ರಥಮ ದರ್ಜೆ ಕಾಲೇಜುಗಳಿವೆ, ಕನಕಪುರದಲ್ಲಿ ಎಸ್. ಕರಿಯಪ್ಪನವರು ಕಟ್ಟಿದ ಗ್ರಾಮೀಣ ವಿದ್ಯಾಸಂಸ್ಥೆಯ ಹಳೆಯ ಕಾಲೇಜೂ ಇದೆ. ಇಲ್ಲಿನ ಪದವಿ ಕಾಲೇಜುಗಳು ಸೇರಿರುವುದು 1964ರಲ್ಲಿ ಸ್ಥಾಪನೆಯಾದ ಬೆಂಗಳೂರು ವಿಶ್ವವಿದ್ಯಾಲಯಕ್ಕೆ. ಆದ್ದರಿಂದ ಇಲ್ಲಿನ ಹುಡುಗ ಕಬಡ್ಡಿಯಲ್ಲಿ ಹೆಸರು ಮಾಡಬೇಕಾದರೆ ಅಂತರ ಕಾಲೇಜು ಪಂದ್ಯಗಳಲ್ಲಿ ಬೆಂಗಳೂರು ನಗರದ ಹುಡುಗರನ್ನು ಎದುರಿಸಲೇಬೇಕು.

ಅಮೆರಿಕದ ಕಾಲೇಜು ಫುಟ್‌ಬಾಲಿನ ವಿಷಯ ಓದಿ ಬಲ್ಲವರಿಗೆ ಈ ದೃಶ್ಯ ತೀರ ಅಪರಿಚಿತವೆನಿಸದು. ಅಲ್ಲಿಯ ಫುಟ್‌ಬಾಲ್ ಎಂದರೆ ಮುಖ್ಯವಾಗಿ ಕಾಲಿನ ಆಟವಲ್ಲ. ಮೊಟ್ಟೆಯಾಕಾರದ ಚೆಂಡನ್ನು ಎದೆಗವುಚಿಕೊಂಡು ಎದುರಾಳಿಯ ನೆಲದೊಳಕ್ಕೆ ನುಗ್ಗುವ, ನುಗ್ಗಿದವನನ್ನು ಹಿಡಿದು ಕೆಡಹುವ ಆಟ ಅದು. ನಾಲ್ಕು ಪ್ರಯತ್ನಗಳಲ್ಲಿ ಹತ್ತು ಗಜ ನೆಲವನ್ನು ಗೆಲ್ಲದಿದ್ದರೆ ಚೆಂಡು ಕೈತಪ್ಪುತ್ತದೆ. 1869ರ ನವೆಂಬರ್ 6ರಂದು ರಟ್ಗರ್ಸ್ ಮತ್ತು ಪ್ರಿನ್ಸ್‌ಟನ್ ಕಾಲೇಜುಗಳ ನಡುವೆ ನಡೆದ ಪಂದ್ಯದಿಂದ ಅದರ ಚರಿತ್ರೆಯನ್ನು ಎಣಿಸುವ ವಾಡಿಕೆ. 1905ರ ಹೊತ್ತಿಗೆ ಮೈದಾನದಲ್ಲಿ ಸಾವುನೋವುಗಳು ಹೆಚ್ಚಿ, ಅಧ್ಯಕ್ಷ ಥಿಯೋಡೋರ್ ರೂಸ್‌ವೆಲ್ಟರೇ ಹಾರ್ವರ್ಡ್, ಯೇಲ್, ಪ್ರಿನ್ಸ್‌ಟನ್‌ಗಳ ಪ್ರತಿನಿಧಿಗಳನ್ನು ಶ್ವೇತಭವನಕ್ಕೆ ಕರೆಸಿಕೊಳ್ಳಬೇಕಾಯಿತು. ಇಂದು ಮಿಶಿಗನ್ ವಿಶ್ವವಿದ್ಯಾಲಯದ ಕ್ರೀಡಾಂಗಣವೊಂದರಲ್ಲೇ ಲಕ್ಷಕ್ಕೂ ಮಿಕ್ಕಿ ಜನ ಕುಳಿತು ಆಟ ನೋಡಬಹುದು. ಆದರೆ ಅದೇ ದೇಶದಲ್ಲಿ ಈ ವೈಭವದ ಹೊರಗೆ ‘ಕ್ಲಬ್’ ತಂಡಗಳೂ ಇವೆ. ಆಟಕ್ಕೆಂದು ವಿದ್ಯಾರ್ಥಿವೇತನವಿಲ್ಲದ ಆ ತಂಡಗಳಲ್ಲಿ ವಿದ್ಯಾರ್ಥಿಗಳೇ ವಂತಿಗೆ ಹಾಕಿ ಪ್ರಯಾಣದ ಖರ್ಚು ಹೊಂದಿಸುತ್ತಾರೆ; ಪಾಠ ಪರೀಕ್ಷೆಗಳ ನಡುವೆ ಬಿಡುವು ಮಾಡಿಕೊಂಡು ಶರತ್ಕಾಲದ ಕೆಲವು ವಾರ ಲೀಗ್ ಆಡುತ್ತಾರೆ. ರಾಮನಗರ ಸೀಮೆಯ ಹುಡುಗರಿಗೆ ಸೋದರರೆನ್ನಬಹುದಾದವರು ಮಿಶಿಗನ್ನಿನ ವೀರರಲ್ಲ, ಈ ಕ್ಲಬ್ಬಿನವರು.

ಅಂದಹಾಗೆ, ಆ ಆಟವನ್ನೇ ಭಾರತಕ್ಕೆ ತರುವ ಪ್ರಯತ್ನವೂ ಒಮ್ಮೆ ನಡೆಯಿತು. 2012ರಲ್ಲಿ ಎಲೀಟ್ ಫುಟ್‌ಬಾಲ್ ಲೀಗ್ ಎಂಬ ಹೆಸರಿನಲ್ಲಿ ಮೊದಲ ಋತುವನ್ನು ಆಡಿಸಿದರು. ಬೆಂಗಳೂರಿನ ಹೆಸರು ಹೊತ್ತ ವಾರ್‌ಹಾಕ್ಸ್ ಎಂಬ ತಂಡವೂ ಆ ಲೀಗಿನದು. ವಿಚಿತ್ರವೆಂದರೆ, ಆ ‘ಭಾರತೀಯ’ ಲೀಗಿನ ಪಂದ್ಯಗಳು ನಡೆದದ್ದು ಕೊಲಂಬೋದಲ್ಲಿ! ಶಿರಸ್ತ್ರಾಣ, ಭುಜಕವಚಗಳ ಆ ಆಟ ಇಲ್ಲಿ ಬೇರು ಬಿಡಲಿಲ್ಲ. ಒಂದು ಚಡ್ಡಿ, ಒಂದು ಬನಿಯನ್ನಿನಲ್ಲಿ ಮುಗಿಯುವ ಆಟವಿರುವ ನಾಡಿನಲ್ಲಿ ಅದು ಆಶ್ಚರ್ಯದ ಸಂಗತಿಯೂ ಅಲ್ಲ.

ಈ ಸೀಮೆಯ ಆಟಗಾರನ ಪಂಚಾಂಗವೇ ಬೇರೆ. ವಿಶ್ವವಿದ್ಯಾಲಯದ ವೇಳಾಪಟ್ಟಿಯ ಜೊತೆಗೆ ಅವನು ಮನೆಯ ಹುಳುವಿನ ವೇಳಾಪಟ್ಟಿಯನ್ನೂ ನೋಡಬೇಕು. ರಾಮನಗರದ ರೇಷ್ಮೆಗೂಡಿನ ಮಾರುಕಟ್ಟೆ ಏಷ್ಯಾದಲ್ಲೇ ದೊಡ್ಡದೆಂದು ಹೆಸರಾದದ್ದು. ಆ ಗೂಡಿನಲ್ಲಿ ಎಷ್ಟೋ ಪಾಲು ಇವನಂಥವರ ಮನೆಯಲ್ಲೇ ಬೆಳೆದದ್ದು. ಹುಳು ಮೊಟ್ಟೆಯೊಡೆದು ಗೂಡು ಕಟ್ಟುವವರೆಗೆ ಸುಮಾರು 25ರಿಂದ 28 ದಿನ. ಅಷ್ಟರೊಳಗೆ ಅದು ನಾಲ್ಕು ಸಲ ಮೇವು ಬಿಟ್ಟು, ಅಲುಗಾಡದೆ ಕುಳಿತು, ಪೊರೆ ಕಳಚುತ್ತದೆ. ರೈತರು ಇದನ್ನು ಜ್ವರವೆನ್ನುತ್ತಾರೆ. ಮೂರನೆಯ ಜ್ವರದವರೆಗೆ ಮನೆಯಲ್ಲಿ ಇರುವಷ್ಟು ಜನ ಹೇಗೋ ಸಂಭಾಳಿಸಿಯಾರು. ನಾಲ್ಕನೆಯ ಜ್ವರದಿಂದ ಎದ್ದ ಹುಳುವಿನ ಹಸಿವಿಗೆ ಮಾತ್ರ ಮೇರೆಯಿಲ್ಲ. ತನ್ನ ಇಡೀ ಆಯುಷ್ಯದಲ್ಲಿ ತಿನ್ನುವ ಸೊಪ್ಪಿನಲ್ಲಿ ನೂರಕ್ಕೆ 80ಕ್ಕೂ ಹೆಚ್ಚು ಪಾಲನ್ನು ಆ ಕೊನೆಯ ಏಳೆಂಟು ದಿನಗಳಲ್ಲೇ ಅದು ತಿಂದು ಮುಗಿಸುತ್ತದೆ. ಆಗ ತೋಟದಿಂದ ಹಿಪ್ಪುನೇರಳೆ ಸೊಪ್ಪು ಕೊಯ್ದು ಹೊರೆ ಹೊತ್ತು ತರುವವರು ಬೇಕು, ರಾತ್ರಿಯ ಮೇವಿಗೆ ಎದ್ದು ನಿಲ್ಲುವವರು ಬೇಕು. ಹುಳು ಹಣ್ಣಾದ ದಿನವಂತೂ ಕೇಳುವುದೇ ಬೇಡ. ಮೈ ತಿಳಿಯಾಗಿ ಹೊಳೆಯುವ ಹುಳುಗಳನ್ನು ಆಯ್ದು ಆಯ್ದು ಚಂದ್ರಿಕೆಗೆ ಬಿಡಬೇಕು. ಅರ್ಧ ದಿನ ತಡವಾದರೂ ನೂಲು ನಷ್ಟ, ಗೂಡು ಹಗುರ, ಸಾಲ ಭಾರ.

ಅಂಥ ದಿನವೇ ಪಂದ್ಯವೂ ಬಿದ್ದರೆ? “ಹುಳ ಹಣ್ಣಾಗೈತೆ ಸಾರ್” ಎಂದು ಹುಡುಗ ಫೋನಿನಲ್ಲಿ ಹೇಳಿದ ಮೇಲೆ ದೈಹಿಕ ಶಿಕ್ಷಣದ ಮೇಷ್ಟ್ರು ಮರುಮಾತನಾಡುವಂತಿಲ್ಲ. ತಂಡದ ಬಲಗೈಯಂಥ ದಾಳಿಗಾರನನ್ನು ಬಿಟ್ಟು, ಎರಡನೆಯ ಸಾಲಿನ ಹುಡುಗನೊಬ್ಬನನ್ನು ಬಸ್ಸು ಹತ್ತಿಸಬೇಕಾಗುತ್ತದೆ. ಅಂತರ ಕಾಲೇಜು ಪಂದ್ಯಾವಳಿಗಳು ಸಾಮಾನ್ಯವಾಗಿ ಮೊದಲು ಸೋತವರನ್ನು ಹೊರಹಾಕುತ್ತ ನಡೆದು, ಉಳಿದ ನಾಲ್ಕು ತಂಡಗಳ ನಡುವೆ ಲೀಗ್ ಆಗಿ ಮುಗಿಯುತ್ತವೆ. ಒಂದು ಮುಂಜಾನೆಯ ಸೋಲು ಎಂದರೆ ಆ ವರ್ಷದ ಋತುವೇ ಮುಗಿದಂತೆ. ಪದವಿಗೆ ಮೂರು ವರ್ಷವೆಂದರೆ ಹುಡುಗನ ಪಾಲಿಗೆ ಅಂಥ ಮುಂಜಾನೆಗಳು ಮೂರೇ ಮೂರು.

ಬಸ್ಸಿನ ಮಾತು ಸುಮ್ಮನೆ ಬಂದದ್ದಲ್ಲ. ರಾಮನಗರ, ಚನ್ನಪಟ್ಟಣಗಳಿಗೆ ರೈಲು ಇದೆ; ಕನಕಪುರ, ಮಾಗಡಿಗಳಿಗೆ ಇಲ್ಲ. ಸಾವನದುರ್ಗದ ಬೆಟ್ಟ ಬಳಸಿ ಹಳ್ಳಿ ಸೇರುವ ಸಂಜೆಯ ಬಸ್ಸು ತಪ್ಪಿತೆಂದರೆ ಮಾಗಡಿಯ ಹುಡುಗ ಯಾರದಾದರೂ ಬೈಕಿಗೆ ಕೈ ಚಾಚಬೇಕು. ಕೊನೆಯ ಬಸ್ಸಿನ ಹೊತ್ತೇ ಅಭ್ಯಾಸ ಮುಗಿಯುವ ಹೊತ್ತು. ಯಾವ ತರಬೇತುಗಾರನ ಸೀಟಿಯೂ ಆ ಬಸ್ಸಿನ ಹಾರನ್ನಿನಷ್ಟು ಖಡಾಖಂಡಿತವಾಗಿ ಆಟ ನಿಲ್ಲಿಸಲಾರದು.

ಇನ್ನು ನೆಲದ ಸಮಸ್ಯೆ. ಹುಡುಗರು ಆಟ ಕಲಿಯುವುದು ಮಣ್ಣಿನಲ್ಲಿ, ಬರಿಗಾಲಿನಲ್ಲಿ. ರಾಜ್ಯೋತ್ಸವ, ಕೆಂಪೇಗೌಡ ಜಯಂತಿ, ಊರಹಬ್ಬ ಎಂದು ನೆವ ಹುಡುಕಿ ಹಳ್ಳಿಗಳ ಯುವಕ ಸಂಘಗಳು ಹೊನಲು ಬೆಳಕಿನ ಪಂದ್ಯಾವಳಿ ನಡೆಸುತ್ತವೆ. ರಾತ್ರಿಯೆಲ್ಲ ದೀಪ, ಧ್ವನಿವರ್ಧಕ, ಗೆರೆಯ ಸುತ್ತ ಕಿಕ್ಕಿರಿದ ಜನ. ಗೆದ್ದವರಿಗೆ ನಗದು, ಬಟ್ಟಲು, ಕೆಲವು ಕಡೆ ಟಗರು. ಕೌಶಲ ಹುಟ್ಟುವುದು ಅಲ್ಲಿಯೇ, ಮೊಣಕಾಲು ಮುರಿಯುವುದೂ ಅನೇಕ ಸಲ ಅಲ್ಲಿಯೇ. ಆದರೆ ಮೇಲಿನ ಹಂತದ ಆಟವೆಲ್ಲ ಈಗ ಮ್ಯಾಟಿನ ಮೇಲೆ, ಬೂಟು ತೊಟ್ಟು. ಮಣ್ಣಿನಲ್ಲಿ ಕಾಲು ಜಾರುತ್ತದೆ, ಜಾರುವುದನ್ನೇ ಉಪಯೋಗಿಸಿಕೊಂಡು ಹುಡುಗ ನುಣುಚಿಕೊಳ್ಳುತ್ತಾನೆ. ಮ್ಯಾಟಿನಲ್ಲಿ ಕಾಲು ಕಚ್ಚುತ್ತದೆ. ಹಳೆಯ ವರಸೆಗೆ ಹೋದವನ ಪಾದ ಅಲ್ಲೇ ನಿಂತು, ಮೈ ಮಾತ್ರ ತಿರುಗುತ್ತದೆ. ಮ್ಯಾಟಿನ ಮೇಲೆ ನಿತ್ಯ ಅಭ್ಯಾಸ ಮಾಡಿದವರೆದುರು ಸುಣ್ಣದ ಗೆರೆಯವರು ಮೊದಲ ಪಾಳಿಯಲ್ಲಿ ತಡವರಿಸುವುದು ಶಕ್ತಿ ಸಾಲದೆ ಅಲ್ಲ. ಎರಡನೆಯ ಪಾಳಿಯ ಹೊತ್ತಿಗೆ ಅವರ ಪಾದ ಮ್ಯಾಟಿಗೆ ಒಗ್ಗಿರುತ್ತದೆ. ಅಷ್ಟರಲ್ಲಿ ಲೋನಾ ಬಿದ್ದು ಎರಡು ಅಂಕ ಎದುರಾಳಿಗೆ ಸೇರಿರುವುದೂ ಉಂಟು.

2014ರಲ್ಲಿ ಪ್ರೊ ಕಬಡ್ಡಿ ಲೀಗ್ ಆರಂಭವಾದಂದಿನಿಂದ ಈ ಹುಡುಗರ ಕನಸಿಗೆ ಹೊಸ ಬಣ್ಣ ಬಂದಿದೆ. 2019ರ ಜನವರಿ 5ರಂದು ಮುಂಬಯಿಯಲ್ಲಿ ಬೆಂಗಳೂರು ಬುಲ್ಸ್ ತಂಡವು ಗುಜರಾತನ್ನು 38–33ರಿಂದ ಸೋಲಿಸಿ ಕಿರೀಟ ಗೆದ್ದಾಗ, ಪವನ್ ಸೆಹ್ರಾವತ್ ಒಬ್ಬನೇ 22 ಅಂಕ ತಂದನು. ಬೆಂಗಳೂರಿನ ಹೆಸರಿಗೆ ಕೀರ್ತಿ ತಂದ ಆ ವೀರ ಬಂದದ್ದು ಉತ್ತರದ ಸೀಮೆಯಿಂದ. ಕನಕಪುರದಿಂದ ಬೆಂಗಳೂರಿಗೆ 55 ಕಿಲೋಮೀಟರ್ ಎನ್ನುವುದು ರಸ್ತೆಯ ಲೆಕ್ಕ. ಕಬಡ್ಡಿಯ ಲೆಕ್ಕದಲ್ಲಿ ದಾರಿ ಇನ್ನೂ ಉದ್ದ.

ಹೆಣ್ಣುಮಕ್ಕಳ ತಂಡಗಳ ಕಷ್ಟ ಮತ್ತೊಂದು ತೆರ. 2010ರ ಗುವಾಂಗ್‌ಜೌ ಏಷ್ಯನ್ ಕ್ರೀಡಾಕೂಟದಲ್ಲಿ ಮೊದಲ ಬಾರಿಗೆ ಮಹಿಳೆಯರ ಕಬಡ್ಡಿ ನಡೆದು ಭಾರತ ಚಿನ್ನ ಗೆದ್ದಾಗ, ತಂಡದಲ್ಲಿ ಕರ್ನಾಟಕದ ತೇಜಸ್ವಿನಿ ಬಾಯಿ, ಮಮತಾ ಪೂಜಾರಿ ಇದ್ದರು. ಆದರೆ ಹಳ್ಳಿಯ ತಾಯಿ ಕೇಳುವುದು ಪದಕದ ಮಾತನ್ನಲ್ಲ, “ಕತ್ತಲಾಗೋದ್ರೊಳಗೆ ಬತ್ತೀಯೇನವ್ವ?” ಎಂದು. ಗಂಡುಹುಡುಗರಿಗೆ ಅಡ್ಡ ಬರುವ ಕೊನೆಯ ಬಸ್ಸು ಹೆಣ್ಣುಮಕ್ಕಳಿಗೆ ಇನ್ನೂ ಒಂದು ಗಂಟೆ ಮುಂಚೆ ಹೊರಟುಬಿಡುತ್ತದೆ.

ಪದವಿ ಮುಗಿದ ಮೇಲೆ ಕೆಲವರು ಪೊಲೀಸ್, ರೈಲ್ವೆ, ಬ್ಯಾಂಕುಗಳ ತಂಡಗಳ ಆಯ್ಕೆಗೆ ಹೋಗುತ್ತಾರೆ. ಅಂತರ ವಿಶ್ವವಿದ್ಯಾಲಯ ಪಂದ್ಯ ಆಡಿದ ಪ್ರಮಾಣಪತ್ರಕ್ಕೆ ಅಲ್ಲಿ ಬೆಲೆಯುಂಟು. ಉಳಿದವರು ಬಿಡದಿಯ ಕಾರ್ಖಾನೆಗಳಿಗೋ, ಹಿಪ್ಪುನೇರಳೆಯ ತೋಟಕ್ಕೋ ಸೇರುತ್ತಾರೆ. ನವೆಂಬರ್ ಬಂತೆಂದರೆ ಯುವಕ ಸಂಘದವರು ಅವರ ಬಾಗಿಲಿಗೂ ಬರುತ್ತಾರೆ. ಪಾಳಿ ಮುಗಿಸಿ, ಮೊಣಕಾಲಿಗೆ ಪಟ್ಟಿ ಬಿಗಿದು ಆ ಹಳಬರು ಅಂಕಣಕ್ಕಿಳಿಯುವ ರಾತ್ರಿ, ಗೆರೆಯ ಆಚೆ ನಿಂತಿರುವುದು ಈ ವರ್ಷದ ಕಾಲೇಜು ತಂಡ. ಧ್ವನಿವರ್ಧಕದವನು ಎರಡೂ ಕಡೆಯವರನ್ನು ಮನೆತನದ ಹೆಸರು ಹಿಡಿದೇ ಕೂಗುತ್ತಾನೆ.