ಬೆಸುಗೆ ಬಿಡಲ್ಲ, ಅದರ ಪಕ್ಕದ ವೈರ್ ತುಂಡಾಗತ್ತೆ

ಮೋಡ ಕಟ್ಟಿ ತುಂತುರು ಹಿಡಿದರೆ ಟೊಮ್ಯಾಟೊ ಹಾಕಿರೋರಿಗೆ ಅಂಗಮಾರಿ ಭಯ. ಮಧ್ಯೆ ಒಂದು ಬೆಳಗ್ಗೆ ಬಿಡುವು ಕೊಟ್ಟರೆ ಆ ಹೊತ್ತಲ್ಲೇ ಔಷಧಿ ಹೊಡೆದು ಮುಗಿಸಬೇಕು. ಒಂದು ದಿನ ತಡ ಆದರೂ ರೋಗ ಸಾಲಿಂದ ಸಾಲಿಗೆ ದಾಟತ್ತೆ. ಬ್ಯಾಟರಿ ಸ್ಪ್ರೇಯರ್ ಕೈಕೊಡೋದು ಸರಿಯಾಗಿ ಅವತ್ತೇ. ಸ್ವಿಚ್ ಹಾಕಿದರೆ ಸದ್ದೇ ಇರಲ್ಲ.

ನಮ್ಮದು, ಅಕ್ಕಪಕ್ಕದವರದು ಸೇರಿಸಿ ಇಂಥ ಎಷ್ಟೋ ಸ್ಪ್ರೇಯರ್ ಬಿಚ್ಚಿ ನೋಡಿದ್ದೀನಿ. ಹೆಚ್ಚಿನವುಗಳಲ್ಲಿ ಬ್ಯಾಟರಿ ಚೆನ್ನಾಗೇ ಇತ್ತು, ಮೋಟರೂ ಚೆನ್ನಾಗೇ ಇತ್ತು. ಸ್ವಿಚ್ ಹತ್ರವೋ ಚಾರ್ಜಿಂಗ್ ಪಿನ್ ಹತ್ರವೋ ಒಂದು ವೈರ್ ತುಂಡಾಗಿತ್ತು. ಪಕ್ಕದ ತೋಟದ ಅಣ್ಣಂಗೆ ಅಂಗಡೀಲಿ "ಮೋಟರ್ ಹೋಗಿದೆ, ಹೊಸದು ಹಾಕಿ" ಅಂದಿದ್ರಂತೆ. ಬ್ಯಾಟರಿಯಿಂದ ನೇರವಾಗಿ ಮೋಟರಿನ ಎರಡು ವೈರಿಗೆ ಕರೆಂಟ್ ಕೊಟ್ಟು ನೋಡಿದ್ವಿ, ಗುಯ್ ಅಂತ ತಿರುಗ್ತು. ಕೆಟ್ಟಿದ್ದು ಸ್ವಿಚ್ಚಿನ ಹಿಂದಿನ ಒಂದು ವೈರ್ ಅಷ್ಟೆ.

ಇಂಥವನ್ನ ಬಿಚ್ಚಿದಾಗ ತುಂಡಾಗಿರೋ ಜಾಗ ಸರಿಯಾಗಿ ನೋಡಿ. ಬೆಸುಗೆ ಹಾಗೇ ಗಟ್ಟಿಯಾಗಿ ಕೂತಿರತ್ತೆ. ವೈರ್ ಮುರಿದಿರೋದು ಅದರಿಂದ ಮೂರ್ನಾಲ್ಕು ಮಿಲಿಮೀಟರ್ ಆಚೆ. ಅದಕ್ಕೆ ಕಾರಣ ಇದೆ. ಒಳಗಿನ ತಾಮ್ರ ಒಂದೇ ತಂತಿ ಅಲ್ಲ, ಕೂದಲಿನಂಥ ಎಳೆಗಳ ಕಟ್ಟು. ಬೆಸುಗೆ ಕರಗಿದಾಗ, ಬತ್ತಿ ಎಣ್ಣೆ ಹೀರೋ ಹಾಗೆ, ಎಳೆಗಳ ಸಂದಿಯಲ್ಲಿ ಮೇಲಕ್ಕೆ ಏರತ್ತೆ. ಅಷ್ಟು ಉದ್ದದ ವೈರ್ ಕಡ್ಡಿ ಥರ ಗಟ್ಟಿ ಆಗತ್ತೆ, ಅದರಾಚೆ ಮೆತ್ತಗೇ ಇರತ್ತೆ. ಬೆನ್ನ ಮೇಲೆ ಹೊತ್ತು ಬದುಗಳ ಮೇಲೆ ನಡೆದಾಗ ಆಗೋ ಅಲುಗಾಟ ಎಲ್ಲಾ ಗಟ್ಟಿ ಮತ್ತು ಮೆತ್ತಗಿನ ಭಾಗ ಸೇರೋ ಆ ಒಂದು ಗೆರೆ ಮೇಲೇ ಬೀಳತ್ತೆ. ಹಸು ಕಟ್ಟಿದ ಹಗ್ಗ ಸವೆಯೋದು ನಡುವೆ ಅಲ್ಲ, ಗೂಟದ ಕುಣಿಕೆ ಹತ್ರ ತಾನೇ? ಇದೂ ಹಾಗೇ. ಒಂದೊಂದೇ ಎಳೆ ಮುರೀತಾ ಹೋಗಿ ಕೊನೆಗೊಂದು ದಿನ ಪೂರ್ತಿ ಬಿಡತ್ತೆ.

ಹಾಗಾಗಿ ಇನ್ನಷ್ಟು ಬೆಸುಗೆ ಹಾಕಿ ಗೋಲಿ ಮಾಡೋದರಿಂದ ಪ್ರಯೋಜನ ಇಲ್ಲ. ಅದು ಇನ್ನೂ ಮೇಲಕ್ಕೆ ಏರತ್ತೆ, ಮುರಿಯೋ ಜಾಗ ಸ್ವಲ್ಪ ಆಚೆ ಹೋಗತ್ತೆ. ಪ್ರತಿ ರಿಪೇರಿಗೂ ವೈರ್ ಒಂದಿಷ್ಟು ಗಿಡ್ಡ ಆಗಿ ಬಿಗಿಯಾಗತ್ತೆ, ಮುಂದಿನ ಸಲ ಇನ್ನೂ ಬೇಗ ಮುರಿಯತ್ತೆ. ಬೆಸುಗೆ ಇರೋದು ಕರೆಂಟ್ ದಾಟಿಸೋಕೆ. ಎಳೆತ ತಡೆಯೋ ಕೆಲಸ ಬೇರೆ ಯಾರಿಗಾದ್ರೂ ಒಪ್ಪಿಸಬೇಕು.

ನಾನು ಮಾಡೋದು ಹೀಗೆ. ಮೊದಲು ಬ್ಯಾಟರಿ ವೈರ್ ಕಳಚಿಡ್ತೀನಿ. ಹಳೇ ತುದಿ ಕತ್ತರಿಸಿ, ಗಿಡ್ಡ ಆಗಿದ್ರೆ ಹೊಸ ವೈರೇ ಹಾಕ್ತೀನಿ. ಅದು ಸಣ್ಣ ಎಳೆಗಳಿರೋ ಮೆತ್ತನೆ ವೈರ್ ಆಗಿರಬೇಕು, ಮನೆ ವೈರಿಂಗಿನ ಒಂಟಿ ತಂತಿ ಬೇಡ. ಬೆಸೆಯೋ ಮೊದಲೇ ಹೀಟ್ ಶ್ರಿಂಕ್ ಸ್ಲೀವ್ ತೂರಿಸಿಡಬೇಕು, ಆಮೇಲೆ ಅದು ಒಳಗೆ ಹೋಗಲ್ಲ. ಬೆಸುಗೆ ಬೇಗ ಹಾಕಿ, ಕಮ್ಮಿ ಹಾಕಿ, ಆರೋ ತನಕ ಅಲ್ಲಾಡಿಸಬಾರದು. ಸ್ಲೀವ್ ಬೆಸುಗೆ ಮೇಲಿಂದ ವೈರಿನ ಪ್ಲಾಸ್ಟಿಕ್ ಮೇಲೂ ಒಂದೆರಡು ಸೆಂಟಿಮೀಟರ್ ಬರೋ ಹಾಗಿಟ್ಟು ಬಿಸಿ ಮಾಡಿದರೆ ಬಾಗೋದು ಒಂದೇ ಗೆರೆ ಮೇಲೆ ಬೀಳದೆ ಹಂಚಿಹೋಗತ್ತೆ.

ಮುಖ್ಯವಾದ್ದು ಮುಂದಿನದು. ಬೆಸುಗೆಯಿಂದ ಎರಡು ಮೂರು ಇಂಚು ಆಚೆ ವೈರನ್ನ ಡಬ್ಬಿಯ ಒಳಗೋಡೆಗೋ ಯಾವುದಾದ್ರೂ ಸ್ಕ್ರೂ ಕಂಬಕ್ಕೋ ಕೇಬಲ್ ಟೈ ಹಾಕಿ ಕಟ್ಟಬೇಕು. ಕಟ್ಟಿದ ಜಾಗಕ್ಕೂ ಬೆಸುಗೆಗೂ ನಡುವೆ ವೈರ್ ಸಡಿಲವಾಗಿ ಬಳುಕಿರಬೇಕು. ಈಗ ಹೊರಗಿಂದ ಎಳೆದರೆ ಎಳೆತ ಟೈಗೆ ಬೀಳತ್ತೆ, ಬೆಸುಗೆಗೆ ಗೊತ್ತೇ ಆಗಲ್ಲ. ವೈರ್ ಡಬ್ಬಿಯಿಂದ ಹೊರಗೆ ಬರೋ ತೂತಿಗೆ ರಬ್ಬರ್ ಬುಷ್ ಹಾಕಿ, ಇಲ್ಲಾಂದ್ರೆ ಅಂಚು ಪ್ಲಾಸ್ಟಿಕ್ ಕೊರೆಯತ್ತೆ.

ಗ್ಲೂ ಗನ್ನಿನ ಅಂಟು ಬಿಸಿಲಿಗೆ ಮೆತ್ತಗಾಗತ್ತೆ. ಅದೊಂದನ್ನೇ ನಂಬ್ಕೋಬೇಡಿ. ವಿನಿಗರ್ ವಾಸನೆ ಬರೋ ಸಿಲಿಕೋನ್ ತಾಮ್ರವನ್ನ ತಿನ್ನತ್ತೆ, ಬೆಸುಗೆ ಮೇಲೆ ಹಾಕಬೇಡಿ. ತಗಡು ಬೆಸೆಯೋ ಆಸಿಡ್ಡೂ ಹಾಗೇ, ವೈರಿಗೆ ರಾಳದ ಪೇಸ್ಟ್ ಸಾಕು.

ಇನ್ನೊಂದು ವಿಷಯ, ಪಂಪ್‌ಸೆಟ್ಟಿನ ಸ್ಟಾರ್ಟರ್ ಡಬ್ಬೀದು. ಸ್ಕ್ರೂ ಕೆಳಗೆ ಸಿಕ್ಕಿಸೋ ವೈರ್ ತುದಿಗೆ ಗಟ್ಟಿ ಇರಲಿ ಅಂತ ಕೆಲವರು ಬೆಸುಗೆ ಹಚ್ತಾರೆ. ಬೆಸುಗೆ ಮೆತ್ತನೆ ಲೋಹ, ಒತ್ತಡಕ್ಕೆ ನಿಧಾನವಾಗಿ ಜರುಗಿ ಸ್ಕ್ರೂ ಸಡಿಲ ಆಗತ್ತೆ. ಸಡಿಲ ಆದ ಕಡೆ ಬಿಸಿಯಾಗಿ ಸುಡತ್ತೆ. ಅಲ್ಲಿ ಲಗ್ ಹಾಕಿ ಒತ್ತಿಸೋದೇ ಸರಿ. ಆ ಡಬ್ಬಿ ಬಿಚ್ಚೋ ಮೊದಲು ಮೇನ್ ಇಳಿಸಿ. ತಿಳಿಯದಿದ್ರೆ ಎಲೆಕ್ಟ್ರಿಷಿಯನ್ನೇ ಮಾಡಲಿ.

ಸ್ಪ್ರೇಯರನ್ನ ಮಾತ್ರ ಬಿಸಿಲಿರೋ ಒಂದು ದಿನ, ಔಷಧಿ ಹೊಡೆಯೋ ಅವಸರ ಇಲ್ಲದಾಗ ಬಿಚ್ಚಿ ನೋಡಿ. ಸ್ವಿಚ್ ಹಾಕಿ ಒಂದೊಂದೇ ವೈರನ್ನ ಮೆಲ್ಲಗೆ ಅಲ್ಲಾಡಿಸಿ. ಮೋಟರ್ ನಿಂತು ನಿಂತು ಓಡಿದರೆ ಅದೇ ವೈರ್ ಅಂತ ತಿಳ್ಕೊಳ್ಳಿ. ಹತ್ತಿಪ್ಪತ್ತು ರೂಪಾಯಿ ಟೈ, ಸ್ಲೀವಲ್ಲಿ ಮುಗಿಯೋ ಕೆಲಸ ಅದು. ಮೋಡ ಕಟ್ಟಿದ ಮೇಲೆ ಬಿಚ್ಚಿದರೆ ಟೊಮ್ಯಾಟೊ ಕಾಯ್ತಾ ಕೂರಲ್ಲ.