ಆಸ್ಟ್ರೇಲಿಯಾ ಸೋಲಬೇಕು, ಅಷ್ಟೇ!

ನನಗೆ ಆಸ್ಟ್ರೇಲಿಯಾ ಕಂಡ್ರೆ ಆಗಲ್ಲ. ದೇಶ ಅಲ್ಲ ಮಾರಾಯ್ರೇ, ಅವರ ಹಾಕಿ ಟೀಮು. ಆ ಹಳದಿ ಅಂಗಿ ಟಿವಿಯಲ್ಲಿ ಕಂಡರೆ ಸಾಕು, ಹೊಟ್ಟೆಯಲ್ಲಿ ಏನೋ ತಿರುವಿದ ಹಾಗಾಗುತ್ತೆ. ಅವರು ಯಾರ ಜೊತೆ ಆಡಿದರೂ ನಾನು ಆ ಇನ್ನೊಬ್ಬರ ಕಡೆ. ಬೆಲ್ಜಿಯಂ ಎಲ್ಲಿದೆ ಅಂತ ಮ್ಯಾಪ್‌ನಲ್ಲಿ ಹುಡುಕಬೇಕಾದ ಕಾಲದಲ್ಲೂ ಬೆಲ್ಜಿಯಂಗೆ ಜೈ ಅಂದವನು ನಾನು.

ಆಫೀಸಿನಲ್ಲಿ ಇದನ್ನು ಹೇಳಿದರೆ ಎಲ್ಲರೂ ಕೇಳೋದು ಒಂದೇ ಪ್ರಶ್ನೆ, "ಹಾಕಿ ಅಂದ್ರೆ ಪಾಕಿಸ್ತಾನ ಅಲ್ವೇನೋ?" ಅದು ನಮ್ಮ ಅಪ್ಪಂದಿರ ಕಾಲಕ್ಕೆ ಸರಿ. ನಾನು ಹುಟ್ಟಿದ್ದು 1997ರಲ್ಲಿ. ನನಗೆ ಬುದ್ಧಿ ಬರೋ ಹೊತ್ತಿಗೆ ಪಾಕಿಸ್ತಾನದ ಹಾಕಿ ಇಳಿಮುಖವಾಗಿತ್ತು. 2016, 2021, 2024, ಮೂರೂ ಒಲಿಂಪಿಕ್ಸಿಗೆ ಅವರು ಅರ್ಹತೆಯನ್ನೇ ಪಡೆಯಲಿಲ್ಲ. ನಮ್ಮನ್ನು ಕೂರಿಸಿ ಅಳಿಸಿದವರು ಇವರು, ಹಳದಿ ಅಂಗಿಯವರು.

ಶುರುವಾಗಿದ್ದು ಹೇಗೆ ಅಂತ ಹೇಳ್ತೀನಿ ಕೇಳಿ. ನಮ್ಮೂರು ಸೋಮವಾರಪೇಟೆ. ಭಾರತಕ್ಕೆ ಅರ್ಜುನ್ ಹಾಲಪ್ಪನನ್ನೂ ಎಸ್.ವಿ. ಸುನಿಲ್‌ನನ್ನೂ ಕೊಟ್ಟ ಊರು. ಕೊಡಗಿನಲ್ಲಿ ಹಾಕಿ ಅಂದ್ರೆ ಏನು ಅಂತ ನಿಮಗೆ ಗೊತ್ತೇ ಇದೆ. 1997ರಿಂದ ಕೊಡವ ಕುಟುಂಬಗಳು ಹಾಕಿಯನ್ನು ಊರಹಬ್ಬದ ಹಾಗೆ ಆಡ್ತಾ ಬಂದಿವೆ. ನಾವು ಕೊಡವರಲ್ಲ. ಆದರೂ ಆ ಮಳೆ, ಆ ಮಣ್ಣು, ಆ ಹುಚ್ಚು ನಮಗೂ ಅಂಟಿಕೊಂಡಿತ್ತು. ಅಪ್ಪ ಒಂದು ಕಾಫಿ ಎಸ್ಟೇಟಿನಲ್ಲಿ ರೈಟರ್ (ಲೆಕ್ಕ ಬರೆಯೋ ರೈಟರ್, ಕಥೆ ಬರೆಯೋರಲ್ಲ :)). ಚಿಕ್ಕವರಿದ್ದಾಗ ಲೆಫ್ಟ್ ಹಾಫ್ ಆಡ್ತಿದ್ದರಂತೆ. 1980ರ ಮಾಸ್ಕೋ ಚಿನ್ನದ ತಂಡದಲ್ಲಿದ್ದ ನಮ್ಮ ಜಿಲ್ಲೆಯ ಎಂ.ಎಂ. ಸೋಮಯ್ಯ ಅಂದರೆ ಅಪ್ಪನಿಗೆ ದೇವರು.

2010ರ ಅಕ್ಟೋಬರ್ 14. ದಸರಾ ರಜೆ, ನಾನು ಎಂಟನೇ ಕ್ಲಾಸು. ದೆಹಲಿ ಕಾಮನ್‌ವೆಲ್ತ್ ಕೂಟದ ಫೈನಲ್. ಅದೇ ಕೂಟದಲ್ಲಿ ಪಾಕಿಸ್ತಾನಕ್ಕೆ 7-4ರಲ್ಲಿ ಬಾರಿಸಿದ್ದೆವು. ಸೆಮಿಫೈನಲ್‌ನಲ್ಲಿ ಇಂಗ್ಲೆಂಡನ್ನು ಪೆನಾಲ್ಟಿಯಲ್ಲಿ ಮುಗಿಸಿದ್ದೆವು. ಅಪ್ಪ ಆವತ್ತು ಎಸ್ಟೇಟಿಗೆ ರಜೆ ಹಾಕಿದ್ದರು. ಅಮ್ಮ ಕಡುಬು ಮಾಡಿದ್ದಳು. ಒಂದು ಗೋಲು ಬಿತ್ತು. ಎರಡು ಬಿತ್ತು. ಮೂರು... ಆರನೇದು ಬಿದ್ದಾಗ ಅಪ್ಪ ಎದ್ದು ಟಿವಿ ಆಫ್ ಮಾಡಿ, ಕತ್ತಿ ತಗೊಂಡು ಹಿತ್ತಲಿಗೆ ಹೋಗಿ ಸುಮ್ಮನೆ ಬೇಲಿ ಸವರಕ್ಕೆ ಶುರು ಮಾಡಿದರು. ಒಟ್ಟು ಎಂಟು ಅಂತ ಗೊತ್ತಾಗಿದ್ದು ಮರುದಿನ ಪೇಪರಿನಲ್ಲಿ. 8-0. ನಮ್ಮ ನೆಲದಲ್ಲಿ, ಧ್ಯಾನ್‌ಚಂದ್ ಹೆಸರಿನ ಸ್ಟೇಡಿಯಮ್ಮಿನಲ್ಲಿ!

ಅಪ್ಪ ಬೇಲಿ ಸವರಿದ್ದು ನೋಡಿದ ದಿನವೇ ನಾನು ನಿರ್ಧಾರ ಮಾಡಿಬಿಟ್ಟೆ. ಇವರನ್ನ ಜನ್ಮದಲ್ಲಿ ಕ್ಷಮಿಸಲ್ಲ.

ಅವರೂ ನನ್ನ ನಿರ್ಧಾರ ಸಡಿಲವಾಗೋಕೆ ಬಿಡಲಿಲ್ಲ ಅನ್ನಿ. 2014ರ ಗ್ಲಾಸ್ಗೋ ಫೈನಲ್, 4-0. ನಮ್ಮೂರಿನ ಸುನಿಲ್ ಗಾಳಿ ಹಾಗೆ ಓಡಿದರೂ ಪ್ರಯೋಜನ ಆಗಲಿಲ್ಲ. 2016ರ ಲಂಡನ್ ಚಾಂಪಿಯನ್ಸ್ ಟ್ರೋಫಿ ಫೈನಲ್‌ನಲ್ಲಿ ಆಟದುದ್ದಕ್ಕೂ ಗೋಲೇ ಇಲ್ಲ, ಶೂಟೌಟ್‌ನಲ್ಲಿ ಸೋತೆವು. ಅದರಲ್ಲಿ ಶ್ರೀಜೇಶ್ ತಡೆದ ಒಂದು ಹೊಡೆತವನ್ನು ವಿಡಿಯೋ ನೋಡಿ ಮತ್ತೆ ಹೊಡೆಸಿದ್ದನ್ನ ನಾನು ಇವತ್ತಿಗೂ ಮರೆತಿಲ್ಲ. 2018ರಲ್ಲಿ ಬ್ರೆಡಾದಲ್ಲಿ ಮತ್ತೆ ಅದೇ ಫೈನಲ್, ಮತ್ತೆ ಶೂಟೌಟ್, ಮತ್ತೆ ಸೋಲು. 2022ರ ಬರ್ಮಿಂಗ್‌ಹ್ಯಾಮ್ ಫೈನಲ್, 7-0. ಹಾಕಿ ಕಾಮನ್‌ವೆಲ್ತ್ ಕೂಟಕ್ಕೆ ಬಂದ 1998ರಿಂದ 2022ರ ತನಕ ಗಂಡಸರ ಚಿನ್ನ ಏಳಕ್ಕೆ ಏಳೂ ಅವರದೇ. ಒಂದನ್ನಾದರೂ ಬೇರೆಯವರಿಗೆ ಬಿಡಬಾರದಾ? ಈಗ 2026ರ ಗ್ಲಾಸ್ಗೋ ಕೂಟದ ಪಟ್ಟಿಯಿಂದ ಹಾಕಿಯನ್ನೇ ಕೈಬಿಟ್ಟರು. ಸೇಡು ತೀರಿಸಿಕೊಳ್ಳೋ ಜಾಗಾನೂ ಹೋಯ್ತು!

ಇಲ್ಲಿ ಒಂದು ಮಾತು ಹೇಳಬೇಕು. ಸ್ವಲ್ಪ ಕಷ್ಟದ ಮಾತು.

ನಾನೂ ಆಡ್ತಿದ್ದೆ. ರೈಟ್ ವಿಂಗ್. ಅಪ್ಪನಿಗೆ ನಾನು ಆಟಗಾರ ಆಗಬೇಕು ಅಂತ ಇತ್ತು, ಬಾಯಿಬಿಟ್ಟು ಹೇಳಿದವರಲ್ಲ. ಹೈಸ್ಕೂಲಿನಲ್ಲಿದ್ದಾಗ ಕ್ರೀಡಾ ಹಾಸ್ಟೆಲ್ ಆಯ್ಕೆಗೆ ಕರಕೊಂಡು ಹೋಗಿದ್ದರು. ಆಗಲಿಲ್ಲ. ಬರೋವಾಗ ಬಸ್ಸಿನಲ್ಲಿ "ಮುಂದಿನ ವರ್ಷ ನೋಡಣ" ಅಂದರು. ಮುಂದಿನ ವರ್ಷ ನಾನೇ ಹೋಗಲ್ಲ ಅಂದೆ. ಎಸ್ಸೆಸ್ಸೆಲ್ಸಿ, ಪಿಯುಸಿ, ಸಿಇಟಿ, ಮೈಸೂರಿನಲ್ಲಿ ಇಂಜಿನಿಯರಿಂಗು. ಮೈಸೂರಿಗೆ ಹೊರಡೋ ಹಿಂದಿನ ದಿನ ಹಾಕಿ ಸ್ಟಿಕ್ಕನ್ನ ಗೋಣಿಚೀಲದಲ್ಲಿ ಸುತ್ತಿ ಅಟ್ಟಕ್ಕೆ ಹಾಕಿದೆ. ಅಪ್ಪ ಏಣಿ ಹಿಡಕೊಂಡು ಕೆಳಗೆ ನಿಂತಿದ್ದರು. ಏನೂ ಅನ್ನಲಿಲ್ಲ.

ಆಮೇಲೆ ನಮ್ಮಿಬ್ಬರ ಮಾತು ಕಡಿಮೆ ಆಗ್ತಾ ಬಂತು. ಜಗಳ ಅಂತ ಅಲ್ಲ. ಫೋನ್ ಮಾಡಿದರೆ "ಊಟ ಆಯ್ತಾ", "ಮಳೆ ಹೇಗಿದೆ", "ಅಮ್ಮನಿಗೆ ಕೊಡ್ತೀನಿ ತಡಿ". ಮೂರು ವಾಕ್ಯ, ಮುಗೀತು. ನಮ್ಮಲ್ಲಿ ತುಂಬಾ ಅಪ್ಪ-ಮಕ್ಕಳ ಕಥೆ ಇಷ್ಟೇ ಅಂತ ಕಾಣುತ್ತೆ. ಆದರೆ ಆಸ್ಟ್ರೇಲಿಯಾ ಜೊತೆ ಮ್ಯಾಚ್ ಇದ್ದ ದಿನ ಮಾತ್ರ ಅಪ್ಪ ಅರ್ಧ ಗಂಟೆ ಮಾತಾಡೋರು. ಯಾರು ಮಾರ್ಕಿಂಗ್ ಬಿಟ್ಟರು, ಪೆನಾಲ್ಟಿ ಕಾರ್ನರ್‌ನಲ್ಲಿ ಯಾರು ತಡವಾಗಿ ಓಡಿದರು, ಅಂಪೈರ್‌ಗೆ ಕಣ್ಣು ಎಲ್ಲಿತ್ತು... ಇಬ್ಬರೂ ಸೇರಿ ಆ ಹಳದಿ ಅಂಗಿಯವರನ್ನ ಮನಸೋ ಇಚ್ಛೆ ಬೈದು ಫೋನ್ ಇಡ್ತಿದ್ದೆವು. ಆ ರಾತ್ರಿ ಸೋತಿದ್ದರೂ ನನಗೆ ಒಳ್ಳೇ ನಿದ್ದೆ ಬರ್ತಿತ್ತು. ಯಾಕೆ ಅಂತ ಆಗ ಯೋಚಿಸಿರಲಿಲ್ಲ.

2021ರ ಜುಲೈ 25ರ ಟೋಕಿಯೋ ಮ್ಯಾಚನ್ನು ಊರಲ್ಲೇ ನೋಡಿದೆವು. ಕೊರೋನಾ ಕಾಲದ ವರ್ಕ್ ಫ್ರಂ ಹೋಮು. ಭಾನುವಾರ ಮಧ್ಯಾಹ್ನ, ಹೊರಗೆ ನಮ್ಮೂರ ಜಡಿಮಳೆ, ಕರೆಂಟು ಹೋಗಿ ಬಂದು ಮಾಡ್ತಾ ಇತ್ತು. ಒಂದು ಸಲ ಕರೆಂಟು ಹೋಗಿ ಬರೋದ್ರೊಳಗೆ ಗೋಲು ಜಾಸ್ತಿ ಆಗಿತ್ತು. ಕೊನೆಗೆ 7-1. ಅಪ್ಪ ಈ ಸಲ ಎದ್ದು ಹೋಗಲಿಲ್ಲ. "ನಮ್ಮ ಕೋಚ್ ಯಾರು ಗೊತ್ತೇನೋ?" ಅಂದರು. ಗ್ರಹಾಂ ರೀಡ್. ಆಸ್ಟ್ರೇಲಿಯಾಗೆ ಆಡಿ 1992ರಲ್ಲಿ ಬೆಳ್ಳಿ ಗೆದ್ದವರು, 2016ರ ರಿಯೋದಲ್ಲಿ ಅವರದೇ ಕೋಚ್ ಆಗಿದ್ದವರು. ಅವರಿಗಿಂತ ಮುಂಚೆ ಮೈಕಲ್ ನಾಬ್ಸ್, ಟೆರ್ರಿ ವಾಲ್ಷ್, ಅವರೂ ಆಸ್ಟ್ರೇಲಿಯಾದವರೇ. "ಪಾಠ ಹೇಳೋಕೂ ಅವರೇ ಬೇಕು, ಬೈಯೋಕೂ ಅವರೇ ಬೇಕು. ಒಳ್ಳೇ ಕಥೆ" ಅಂತ ಅಪ್ಪ ನಕ್ಕರು. ಹತ್ತು ದಿನ ಕಳೆದ ಮೇಲೆ ಅದೇ ರೀಡ್ ಕೈಕೆಳಗೆ ಜರ್ಮನಿಯನ್ನ 5-4ರಲ್ಲಿ ಸೋಲಿಸಿ ಕಂಚು ಗೆದ್ದಾಗ ಇಬ್ಬರೂ ಕಣ್ಣು ಒರೆಸಿಕೊಂಡೆವು. ನನ್ನ ದ್ವೇಷಕ್ಕೆ ಮೊದಲ ಬಿರುಕು ಬಿದ್ದಿದ್ದು ಅಲ್ಲೇ. ಆದರೆ ಒಪ್ಪಿಕೊಳ್ಳಲಿಲ್ಲ.

ಎರಡನೇ ಬಿರುಕು ಬಿದ್ದಿದ್ದು ಶತ್ರುವಿನ ಮನೆಯಲ್ಲೇ. 2024ರ ಏಪ್ರಿಲ್‌ನಲ್ಲಿ ಮೂರು ವಾರ ಆನ್‌ಸೈಟ್ ಅಂತ ಕಂಪನಿಯವರು ನನ್ನನ್ನು ಪರ್ತ್‌ಗೆ ಕಳಿಸಿದರು. ವಿಧಿ ನೋಡಿ, ಸರಿಯಾಗಿ ಅದೇ ಸಮಯಕ್ಕೆ ಭಾರತ ತಂಡ ಅಲ್ಲಿ ಐದು ಟೆಸ್ಟ್ ಆಡ್ತಾ ಇತ್ತು. ಇನ್ನೊಂದು ವಿಷಯ, ಅವರ ಟೀಮಿನ ಹೆಸರು 'ಕೂಕಬರಾ'. ಅದು ಒಂದು ಹಕ್ಕಿ, ಕೂಗಿದರೆ ಥೇಟ್ ಯಾರೋ ಕೇಕೆ ಹಾಕಿ ನಕ್ಕ ಹಾಗಿರುತ್ತೆ. ಮೊದಲ ಟೆಸ್ಟ್ 5-1ರಲ್ಲಿ ಸೋತ ಮರುದಿನ ಬೆಳಿಗ್ಗೆ ನನ್ನ ಕಿಟಕಿ ಹೊರಗಿನ ಮರದಲ್ಲಿ ಕೂತು ಒಂದು ನಗ್ತಾ ಇತ್ತು. ಆ ಹಕ್ಕಿ ಮೇಲೆ ನನಗೆ ಬಂದ ಸಿಟ್ಟು... ಬೇಡ ಬಿಡಿ.

ಅವತ್ತು ಭಾನುವಾರ, ಎರಡನೇ ಟೆಸ್ಟ್. ನೀಲಿ ಅಂಗಿ ಹಾಕ್ಕೊಂಡು ಹೋದೆ. ಪಕ್ಕದ ಸೀಟಿನಲ್ಲಿ ಒಬ್ಬರು ವಯಸ್ಸಾದವರು, ಹಳದಿ ಟೋಪಿ. ನಾನು ಕನ್ನಡದಲ್ಲಿ ಬೈದುಕೊಳ್ತಾ ಇದ್ದೆ, ಯಾರಿಗೆ ಗೊತ್ತಾಗುತ್ತೆ ಅನ್ನೋ ಧೈರ್ಯದಲ್ಲಿ. ಸ್ವಲ್ಪ ಹೊತ್ತಾದ ಮೇಲೆ ಅವರು ನನ್ನ ಕಡೆ ತಿರುಗಿ, ರಾಗವಾಗಿ "ಊಟ ಆಯ್ತಾ?" ಅಂದರು. ನನಗೆ ಭೂಮಿ ಬಾಯಿ ಬಿಡಬಾರದಾ ಅನ್ನಿಸಿತು!

ಅವರು ಕೆಜಿಎಫ್‌ನಲ್ಲಿ ಹುಟ್ಟಿದ ಆಂಗ್ಲೋ ಇಂಡಿಯನ್. ಹುಡುಗನಾಗಿದ್ದಾಗ ಅರವತ್ತರ ದಶಕದಲ್ಲಿ ಮನೆಯವರ ಜೊತೆ ಹಡಗು ಹತ್ತಿದವರು. ಉಳಿದಿರೋ ಕನ್ನಡ ನಾಲ್ಕೈದು ಮಾತು, ಅದರಲ್ಲಿ ಎರಡು ಬೈಗುಳ. ಉಳಿದದ್ದೆಲ್ಲ ಇಂಗ್ಲಿಷಿನಲ್ಲಿ ಹೇಳಿದರು. ಪಿಯರ್ಸ್ ಸಹೋದರರ ಕಥೆ ಕೇಳಿದ್ದು ಅವರಿಂದಲೇ. ಐದು ಜನ ಅಣ್ಣತಮ್ಮಂದಿರು, ಹುಟ್ಟಿದ್ದು ನಮ್ಮ ಜಬಲ್ಪುರದಲ್ಲಿ, ಸ್ವಾತಂತ್ರ್ಯದ ಹೊತ್ತಿಗೆ ಸಂಸಾರ ಪರ್ತ್‌ಗೆ ಬಂತು. ಐವರೂ ಆಸ್ಟ್ರೇಲಿಯಾ ಪರ ಒಲಿಂಪಿಕ್ಸ್ ಆಡಿದರು. 1964ರ ಟೋಕಿಯೋ ಸೆಮಿಫೈನಲ್‌ನಲ್ಲಿ ಭಾರತ ಆಸ್ಟ್ರೇಲಿಯಾವನ್ನು 3-1ರಲ್ಲಿ ಸೋಲಿಸಿತ್ತು. ನಾಲ್ಕು ವರ್ಷ ಬಿಟ್ಟು ಮೆಕ್ಸಿಕೋ ಸೆಮಿಫೈನಲ್‌ನಲ್ಲಿ ಅವರು ನಮ್ಮನ್ನು 2-1ರಲ್ಲಿ ಕೆಡವಿದರು. ಆ ತಂಡದಲ್ಲಿ ಪಿಯರ್ಸ್ ಸಹೋದರರು ಮೂವರಿದ್ದರು. ಅಂದರೆ ನಾನು ಇಷ್ಟು ವರ್ಷ ಬೈತಿದ್ದ ಆಟದ ಒಂದು ಬೇರು ನಮ್ಮ ರೈಲ್ವೆ ಕಾಲೋನಿ, ಗಣಿ ಕಾಲೋನಿಗಳಲ್ಲೇ ಇತ್ತು!

ನಾನು 8-0 ಕಥೆ ಹೇಳಿದೆ. ಅಪ್ಪ ಬೇಲಿ ಸವರಿದ್ದೂ ಹೇಳಿದೆ. ಅವರು ನಕ್ಕು, "ಅರವತ್ತರಲ್ಲಿ ನಾವು ನಿಮ್ಮನ್ನ ಹೀಗೇ ಬೈತಿದ್ದೆವು. ಬೈದು ಬೈದು ಕಲಿತೆವು" ಅಂದರು. ಕೆಜಿಎಫ್‌ನಲ್ಲಿ ಹುಟ್ಟಿದವರ ಬಾಯಲ್ಲಿ 'ನಾವು' ಅಂದರೆ ಆಸ್ಟ್ರೇಲಿಯಾ, 'ನೀವು' ಅಂದರೆ ನಾವು. ಆಮೇಲೆ ಮೆಲ್ಲಗೆ, "ಮಾಸ್ಕೋ ಚಿನ್ನದ ಬಗ್ಗೆ ಜಾಸ್ತಿ ಹೇಳಬೇಡ. ಆ ಸಲ ನಾವು ಬಂದೇ ಇರಲಿಲ್ಲ" ಅಂತ ಕಣ್ಣು ಹೊಡೆದರು. (ನಿಜ, ಅಫ್ಘಾನಿಸ್ತಾನದ ವಿಷಯಕ್ಕೆ ಅವರ ಹಾಕಿ ತಂಡ 1980ರಲ್ಲಿ ಬಹಿಷ್ಕಾರ ಹಾಕಿತ್ತು. ಇದನ್ನ ಮಾತ್ರ ಅಪ್ಪನಿಗೆ ಹೇಳಿಲ್ಲ. ನೀವೂ ಹೇಳಬೇಡಿ.) ಆ ಮ್ಯಾಚು 4-2ರಲ್ಲಿ ಸೋತೆವು. ಸರಣಿ 5-0. ಮಧ್ಯೆ ಯುಗಾದಿ ಬಂತು. ಬೇವು ಸಿಗಲಿಲ್ಲ, ಅದರ ಅವಶ್ಯಕತೆಯೂ ಇರಲಿಲ್ಲ :)

ಇನ್ನು ಪ್ಯಾರಿಸ್. 2024ರ ಆಗಸ್ಟ್ 2, ಶುಕ್ರವಾರ ಸಂಜೆ ಮುಕ್ಕಾಲು ಐದು. ನಾನು ಬೆಂಗಳೂರಿನ ಆಫೀಸಿನಲ್ಲಿ ಒಂದು ಖಾಲಿ ಮೀಟಿಂಗ್ ರೂಮು ಹಿಡಿದು ಮೊಬೈಲನ್ನ ನೀರಿನ ಬಾಟಲಿಗೆ ಒರಗಿಸಿ ಕೂತಿದ್ದೆ. ಮೊದಲ ಕ್ವಾರ್ಟರ್‌ನಲ್ಲೇ ಅಭಿಷೇಕ್ ಒಂದು, ಹರ್ಮನ್‌ಪ್ರೀತ್ ಒಂದು. 2-0! ನಂಬಿಕೆ ಬರಲಿಲ್ಲ, ಎಷ್ಟು ಸಲ ನೋಡಿಲ್ಲ ಇವರನ್ನ. ಅವರು ಒಂದು ವಾಪಸ್ ಕೊಟ್ಟರು. ಹರ್ಮನ್‌ಪ್ರೀತ್ ಇನ್ನೊಂದು ಹಾಕಿದ. 3-1. ಇನ್ನೇನು ಐದು ನಿಮಿಷ ಇದೆ ಅನ್ನುವಾಗ ಗೋವರ್ಸ್ ಹೊಡೆದು 3-2. ತಡೆಯಕ್ಕಾಗದೆ ಅಪ್ಪನಿಗೆ ಫೋನ್ ಹಚ್ಚಿದೆ. ಎತ್ತಿದರು. "ಹೂಂ" ಅಂದರು. ನಾನೂ "ಹೂಂ" ಅಂದೆ. ಆಮೇಲೆ ಇಬ್ಬರೂ ಮಾತಾಡಲಿಲ್ಲ. ಅವರ ಟಿವಿಯ ಸದ್ದು ನನ್ನ ಕಿವಿಯಲ್ಲಿ.

ನೆಟ್‌ನಲ್ಲಿ ನೋಡೋರಿಗೆ ಗೊತ್ತಿರುತ್ತೆ, ಟಿವಿಗಿಂತ ಮೊಬೈಲು ಅರ್ಧ ನಿಮಿಷ ಹಿಂದೆ ಇರುತ್ತೆ. ನನ್ನ ಮೊಬೈಲಿನಲ್ಲಿ ಚೆಂಡು ಇನ್ನೂ ನಮ್ಮ ಡೀ ಹತ್ತಿರ ಓಡಾಡ್ತಾ ಇತ್ತು. ಫೋನಿನ ಆ ಕಡೆ ಕುರ್ಚಿ ಸರಿದ ಸದ್ದು ಕೇಳಿತು. ಆಮೇಲೆ ಅಪ್ಪ, ಅರವತ್ತು ವರ್ಷದ ನನ್ನ ಅಪ್ಪ, ಚಿಕ್ಕ ಹುಡುಗನ ಹಾಗೆ ಒಂದು ಸಿಳ್ಳೆ ಹೊಡೆದರು! ಅವರಿಗೆ ಸಿಳ್ಳೆ ಹೊಡೆಯೋಕೆ ಬರುತ್ತೆ ಅಂತಲೇ ನನಗೆ ಗೊತ್ತಿರಲಿಲ್ಲ. ಒಲಿಂಪಿಕ್ಸ್‌ನಲ್ಲಿ ಆಸ್ಟ್ರೇಲಿಯಾವನ್ನು ನಾವು ಸೋಲಿಸಿದ್ದು 1972ರ ಮ್ಯೂನಿಕ್ ನಂತರ ಅದೇ ಮೊದಲು. ಐವತ್ತೆರಡು ವರ್ಷ. ಆ ಗೆಲುವನ್ನ ನಾನು ನೋಡೋಕೆ ಮುಂಚೆ ಕೇಳಿದೆ, ಅಪ್ಪನ ಸಿಳ್ಳೆಯಲ್ಲಿ.

ಅವತ್ತು ಮುಕ್ಕಾಲು ಗಂಟೆ ಮಾತಾಡಿದೆವು. ಕೊನೆಗೆ ಅಪ್ಪ ಒಂದು ಕ್ಷಣ ಸುಮ್ಮನಾಗಿ, "ಅಲ್ಲ ಮಗಾ, ಇನ್ಮೇಲೆ ಯಾರನ್ನ ಬೈಯೋದು ನಾವು?" ಅಂದರು. ತಮಾಷೆಗೇ ಅಂದಿದ್ದು. ಆದರೆ ನನಗೆ ಗಂಟಲು ಕಟ್ಟಿತು. ಅಟ್ಟದ ಮೇಲಿನ ಗೋಣಿಚೀಲ ನೆನಪಾಯ್ತು. ಹದಿನಾಲ್ಕು ವರ್ಷ ನಾನು ಜೋಪಾನ ಮಾಡಿಕೊಂಡು ಬಂದಿದ್ದು ಆಸ್ಟ್ರೇಲಿಯಾ ಮೇಲಿನ ಸಿಟ್ಟನ್ನಲ್ಲ, ಈ ಫೋನನ್ನ ಅಂತ ಆಗ ಹೊಳೆಯಿತು.

ಎರಡು ದಿನ ಬಿಟ್ಟು ಕ್ವಾರ್ಟರ್‌ಫೈನಲ್‌ನಲ್ಲಿ ಆಸ್ಟ್ರೇಲಿಯಾ ನೆದರ್ಲೆಂಡ್ಸ್ ಎದುರು 2-0ರಲ್ಲಿ ಸೋತು ಮನೆಗೆ ಹೊರಟಿತು. ಹಾರಿ ಕುಣಿಯಬೇಕಾಗಿತ್ತು ನಾನು. ಯಾಕೋ ಆಗಲಿಲ್ಲ. ನಮ್ಮ ಕೈಯಲ್ಲಿ ಸೋಲಲಿ, ಬೇರೆಯವರ ಕೈಯಲ್ಲಿ ಯಾಕೆ ಅನ್ನಿಸಿತು. ಟಿವಿ ಆಫ್ ಮಾಡ್ತಿದ್ದ ಹಾಗೇ ಫೋನ್ ರಿಂಗಾಯಿತು. ಅಪ್ಪ. ಅವರಾಗಿ ನನಗೆ ಫೋನ್ ಮಾಡೋದು ವರ್ಷಕ್ಕೆ ಒಂದೋ ಎರಡೋ ಸಲ.

"ಏನೋ, ನಿನ್ನ ಆಸ್ಟ್ರೇಲಿಯಾ ಸೋತೋಯ್ತಲ್ಲೋ!"

'ನಿನ್ನ ಆಸ್ಟ್ರೇಲಿಯಾ' ಅಂತೆ! ಆದರೂ ಹೇಳಿಬಿಡ್ತೀನಿ, ಮುಂದಿನ ಸಲ ಹಳದಿ ಅಂಗಿ ಮೈದಾನಕ್ಕೆ ಇಳಿದಾಗಲೂ ನಾನು ಇದೇ ಬಾಯಲ್ಲಿ ಬೈಯೋನೇ. ಅವರು ಚೆನ್ನಾಗಿರಲಿ, ನಮ್ಮ ಕೈಲಿ ಸೋಲೋಕಾದರೂ ಚೆನ್ನಾಗಿರಲಿ.

ನಿಮಗೂ ಇಂಥ ಒಬ್ಬ ಶತ್ರು ಇದ್ದರೆ ಬರೀರಿ. ಅವನಿಲ್ಲದಿದ್ದರೆ ಯಾರ ಜೊತೆ ಮಾತು ನಿಂತುಹೋಗ್ತಿತ್ತು, ಅದನ್ನೂ ಬರೀರಿ.